ಆ ಬೇರು ಮಾತ್ರ ಬಂದರೆ ಸಾಕೇ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ನಾಲ್ಕು ವರ್ಷದಿಂದ ಸ್ಕಿಜೋಫ್ರೇನಿಯಾ ಇದೆ. ಓಲಾನ್ಜಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ. ಆದರೆ 18 ಕಿಲೋ ದಪ್ಪ ಆಗಿದ್ದಾನೆ, ಬೆಳಿಗ್ಗೆ ಹತ್ತರವರೆಗೂ ಏಳುವುದಿಲ್ಲ. ನಮ್ಮ ಭಾವ ನೈಜೀರಿಯಾದ ಲಾಗೋಸ್‌ನಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿಯ ನಾಟಿ ವೈದ್ಯರು ಒಂದು ಬೇರು ಕೊಟ್ಟು ಹುಚ್ಚು ಬಿಡಿಸುತ್ತಾರಂತೆ. ಗ್ಯಾಬನ್ ದೇಶದ ಇಬೋಗಾ ಎಂಬ ಬೇರಿನ ವಿಡಿಯೋಗಳನ್ನೂ ಕಳಿಸಿದ್ದಾರೆ. ಒಂದೇ ರಾತ್ರಿಯಲ್ಲಿ ಮನಸ್ಸು ತೊಳೆದಂತೆ ಆಗುತ್ತದಂತೆ. ದೀಪಾವಳಿಗೆ ಬರುವಾಗ ತರುತ್ತೇನೆ ಎನ್ನುತ್ತಿದ್ದಾರೆ. ಇದರಲ್ಲಿ ಸತ್ಯ ಇದೆಯಾ? ಕೊಡಬಹುದಾ? ಇನ್ನು ಅಮ್ಮ ದೇವರಿಗೆ ಹರಕೆ ಹೊತ್ತಿದ್ದಾರೆ, ಅವನನ್ನು ಕರೆದುಕೊಂಡು ಹೋಗಿ ಗುಡಿಯಲ್ಲಿ ಹದಿನೈದು ದಿನ ಇರಬೇಕು ಎನ್ನುತ್ತಾರೆ. ಮೂಢನಂಬಿಕೆ ಅಂತ ಬೈಯದೆ ಉತ್ತರ ಕೊಡಿ.

ಉತ್ತರ: ಬೈಯುವುದಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೇರು ತರಿಸಬೇಡಿ. ಭಾವನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ನಿಮ್ಮ ಭಾವ ಕೇಳಿಸಿಕೊಂಡದ್ದರಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನೂ ಕೇಳಿಸಿಕೊಂಡರೆ ನಿಮ್ಮ ತಮ್ಮನಿಗೆ ಏನು ಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ನೈಜೀರಿಯಾದ ಬೇರು. ಲಾಗೋಸ್ ಕಡೆ ಜಾಸ್ತಿ ಇರುವುದು ಯೊರುಬಾ ಜನ. ಅವರ ಭಾಷೆಯಲ್ಲಿ ಹುಚ್ಚಿಗೆ 'ವೆರೆ' ಅನ್ನುತ್ತಾರೆ. ವೆರೆ ಹಿಡಿದವರಿಗೆ ಅವರ ನಾಟಿ ವೈದ್ಯರು ತಲೆತಲಾಂತರದಿಂದ ಕೊಡುತ್ತಾ ಬಂದಿರುವುದು 'ಅಸೊಫೆಯೆಜೆ' ಎಂಬ ಮರದ ಬೇರು. ಹಕ್ಕಿಗಳು ತಿನ್ನಲಿ ಅಂತ ಹಣ್ಣು ಬಿಡುವ ಮರ ಎಂದು ಅದರ ಅರ್ಥ. ಸಸ್ಯಶಾಸ್ತ್ರದವರು ಅದನ್ನು ರಾವುಲ್ಫಿಯಾ ವಾಮಿಟೋರಿಯಾ ಎಂದು ಕರೆಯುತ್ತಾರೆ. ಹೆಸರು ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ನಮ್ಮ ಸರ್ಪಗಂಧದ ಹೆಸರು ರಾವುಲ್ಫಿಯಾ ಸರ್ಪೆಂಟಿನಾ. ಎರಡೂ ಒಂದೇ ಮನೆಯ ಗಿಡಗಳು. ನಮ್ಮದು ಕಾಡಿನ ನೆರಳಲ್ಲಿ ಮೊಣಕಾಲೆತ್ತರ ಬೆಳೆಯುವ ಪುಟ್ಟ ಪೊದೆ, ಅವರದು ಮರ.

ಸರ್ಪಗಂಧಕ್ಕೆ ಬಿಹಾರದ ಕಡೆ 'ಪಾಗಲ್ ಕೀ ದವಾ', ಅಂದರೆ ಹುಚ್ಚಿನ ಔಷಧಿ, ಎಂದೇ ಹೆಸರಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ಬರೆದರು: ಬೇರು ಬಿಪಿ ಇಳಿಸುತ್ತದೆ, ಹುಚ್ಚಿನ ಆರ್ಭಟವನ್ನೂ ತಗ್ಗಿಸುತ್ತದೆ ಎಂದು. 1949ರಲ್ಲಿ ಬೊಂಬಾಯಿಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ ಬಿಪಿ ರೋಗಿಗಳಿಗೆ ಕೊಟ್ಟು ನೋಡಿ, ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಇಡೀ ಜಗತ್ತು ಈ ಕಡೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನೊಳಗಿನ ಸಾರವನ್ನು ಬೇರ್ಪಡಿಸಿ ರಿಸರ್ಪಿನ್ ಎಂದು ಹೆಸರಿಟ್ಟರು. 1954ರಲ್ಲಿ ನೇಥನ್ ಕ್ಲೈನ್ ಅದನ್ನು ನ್ಯೂಯಾರ್ಕಿನ ಮನೋರೋಗಿಗಳ ಮೇಲೆ ಬಳಸಿದ ವರದಿ ಬಂತು.

ಇಷ್ಟೆಲ್ಲ ಆದ ಮೇಲೆ, 1957ರಲ್ಲಿ ಕೆನಡಾದ ಮನೋವೈದ್ಯ ರೇಮಂಡ್ ಪ್ರಿನ್ಸ್ ನೈಜೀರಿಯಾಕ್ಕೆ ಹೋದರು. ಯೊರುಬಾ ವೈದ್ಯರ ಮನೆಯಂಗಳದಲ್ಲಿ ನೋಡುತ್ತಾರೆ, ಅದೇ ರಾವುಲ್ಫಿಯಾ! 1960ರಲ್ಲಿ ಅಮೆರಿಕದ ಮನೋವೈದ್ಯ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ನಮ್ಮವರನ್ನು ನೋಡಿ ಅವರು ಕಲಿಯಲಿಲ್ಲ, ಅವರನ್ನು ನೋಡಿ ನಾವು ಕಲಿಯಲಿಲ್ಲ. ನಡುವೆ ಒಂದು ಸಮುದ್ರವೇ ಇತ್ತು. ಆದರೂ ಎರಡು ಕಡೆಯ ಜನ ರೋಗಿಯನ್ನು ನೋಡಿ ನೋಡಿ, ತಾವೇ ಒಂದೇ ಬೇರಿಗೆ ಬಂದು ನಿಂತರು. ಇದನ್ನು ಮೂಢನಂಬಿಕೆ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕೊಟ್ಟರೇನು ತಪ್ಪು? ಬೇರು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ. ನಮ್ಮ ಮೆದುಳಿನ ನರಕೋಶಗಳು ಡೋಪಮಿನ್, ಸೆರಟೋನಿನ್ ಮುಂತಾದ ರಾಸಾಯನಿಕಗಳನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿ ಇಟ್ಟುಕೊಂಡಿರುತ್ತವೆ. ಬೇಕಾದಾಗ ಬೇಕಾದಷ್ಟು ಬಿಡುತ್ತವೆ. ರಿಸರ್ಪಿನ್ ಆ ಚೀಲಕ್ಕೆ ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ದಿನ ಕಳೆದಂತೆ ದಾಸ್ತಾನು ಬರಿದಾಗುತ್ತದೆ. ಆರ್ಭಟ ಇಳಿಯುತ್ತದೆ, ನಿಜ. ಜೊತೆಗೆ ಬಿಪಿಯೂ ಇಳಿಯುತ್ತದೆ, ಮೂಗು ಕಟ್ಟುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಮನಸ್ಸು ಮಂಕಾಗುತ್ತದೆ. ಇನ್ನೂ ಒಳ್ಳೆಯ ಮಾತ್ರೆಗಳು ಬಂದ ಮೇಲೆ ವೈದ್ಯರು ಮನೋರೋಗಕ್ಕೆ ರಿಸರ್ಪಿನ್ ಕೊಡುವುದನ್ನು ಬಿಟ್ಟದ್ದು ಇದಕ್ಕೇ. ನಿಮ್ಮ ತಮ್ಮನ ಓಲಾನ್ಜಪಿನ್ ಕೂಡ ಡೋಪಮಿನ್ ಮೇಲೆಯೇ ಕೆಲಸ ಮಾಡುತ್ತದೆ, ಆದರೆ ದಾಸ್ತಾನು ಖಾಲಿ ಮಾಡುವುದಿಲ್ಲ. ಅದರ ಮೇಲೆ ಈ ಬೇರನ್ನೂ ಕೊಟ್ಟರೆ? ಕೂತವನು ಏಳುವಾಗ ಕಣ್ಣು ಕತ್ತಲೆ ಬಂದು ಬೀಳಬಹುದು. ಮೈ ಮರಗಟ್ಟಬಹುದು. ಬೆಳಿಗ್ಗೆ ಹತ್ತಕ್ಕೆ ಏಳುವವನು ಮಧ್ಯಾಹ್ನ ಆದರೂ ಏಳದೆ ಇರಬಹುದು. ನೀವು ಯಾವುದರಿಂದ ಪಾರಾಗಬೇಕು ಅಂತಿದ್ದೀರೋ ಅದೇ ಜಾಸ್ತಿ ಆಗುತ್ತದೆ.

ಹಿಂದೆ ಒಬ್ಬ ತಾಯಿ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಪೊಟ್ಟಣ ಇಟ್ಟರು. ಕಂದು ಪುಡಿ. ಹೆಸರಿಲ್ಲ, ತಾರೀಕಿಲ್ಲ. ದಿನಕ್ಕೆ ಎರಡು ಚಮಚ ಅಂದಿದ್ದಾರೆ ಡಾಕ್ಟ್ರೇ, ಅಂದರು. ಯಾವ ಚಮಚ? ಟೀ ಚಮಚವೋ, ಸಾರಿನ ಸೌಟೋ? ಅವರಿಗೆ ಗೊತ್ತಿರಲಿಲ್ಲ. ಮಗಳ ಬಿಪಿ ಆಗಲೇ 84ಕ್ಕೆ ಇಳಿದಿತ್ತು. ನೈಜೀರಿಯಾದ ಅಬೆಒಕುಟಾ ಊರಿನಲ್ಲಿ ಕೂತಿರುವ ನಾಟಿ ವೈದ್ಯ ರೋಗಿಯನ್ನು ದಿನವೂ ಕಣ್ಣಾರೆ ನೋಡುತ್ತಾನೆ. ಜಾಸ್ತಿ ಆಯಿತು ಅನಿಸಿದರೆ ನಾಳೆ ಕಡಿಮೆ ಮಾಡುತ್ತಾನೆ. ಆ ನೋಡುವ ಕಣ್ಣು ಪೊಟ್ಟಣದೊಳಗೆ ಬರುವುದಿಲ್ಲ.

ಪ್ರಿನ್ಸ್ ಬರೆದದ್ದರಲ್ಲಿ ಬೇರಿನಷ್ಟೇ ಮುಖ್ಯವಾದ ಇನ್ನೊಂದು ವಿಷಯ ಇದೆ. ರೋಗಿ ವೈದ್ಯನ ಮನೆಯಲ್ಲೇ ಇರುತ್ತಾನೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಹುಷಾರಾಗುತ್ತಾ ಬಂದಂತೆ ವೈದ್ಯನ ಮನೆಯ ಕೆಲಸಕ್ಕೆ ಕೈ ಹಚ್ಚುತ್ತಾನೆ. ಕೊನೆಗೆ ಮನೆಗೆ ಕಳಿಸುವ ದಿನ ಬರುತ್ತದೆ. ಆ ದಿನ ಅವನನ್ನು ಹೊಳೆಗೆ ಕರೆದುಕೊಂಡು ಹೋಗುತ್ತಾರೆ. ಮೈಮೇಲೆ ಕಾಯಿಲೆಯ ದಿನಗಳಲ್ಲಿ ತೊಟ್ಟಿದ್ದ ಬಟ್ಟೆ. ಪಾರಿವಾಳ ಬಲಿ ಕೊಟ್ಟು, ಅದರ ರಕ್ತದಿಂದ ತಲೆ ತೊಳೆಯುತ್ತಾರೆ. ಆಮೇಲೆ ಆ ಬಟ್ಟೆಯನ್ನೂ ಸತ್ತ ಹಕ್ಕಿಯನ್ನೂ ನೀರಿಗೆ ಬಿಡುತ್ತಾರೆ. ಹೊಳೆ ಹೇಗೆ ಹಿಂದಕ್ಕೆ ಹರಿಯುವುದಿಲ್ಲವೋ ಹಾಗೆ ಈ ಕಾಯಿಲೆ ಹಿಂದಿರುಗದಿರಲಿ ಅನ್ನುವ ಭಾವ. ಬಟ್ಟೆ ತೇಲುತ್ತಾ ಹೋಗುತ್ತದೆ. ದಡದಲ್ಲಿ ಅವನ ಮನೆಯವರು ನಿಂತು ನೋಡುತ್ತಾರೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ಅಂದರೆ ಒಂದು ಹಾಳೆ, ಒಂದು ಬಿಲ್ಲು, ಮುಂದಿನ ತಾರೀಕು. ಊರಿಗೆ ಬಂದರೆ ಅವನು ಇನ್ನೂ 'ಆ ಹುಚ್ಚ'ನೇ. ಯೊರುಬಾ ಹೊಳೆದಂಡೆಯಲ್ಲಿ ನಡೆಯುವುದು ಬೇರೆ. ಇವನ ಕಾಯಿಲೆ ಮುಗಿಯಿತು, ಇನ್ನು ಇವನು ನಮ್ಮವನು ಅಂತ ಎಲ್ಲರ ಮುಂದೆ ಹೇಳಿದ ಹಾಗೆ. ಬೇರು ಆರ್ಭಟ ಇಳಿಸಬಹುದು. ಮದುವೆ ಮನೆಗೆ ಕರೆಯುವುದು, ಕೆಲಸಕ್ಕೆ ಸೇರಿಸಿಕೊಳ್ಳುವುದು ಬೇರಿನ ಕೈಯಲ್ಲಿಲ್ಲ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಥಾಮಸ್ ಅಡೆಒಯೆ ಲಾಂಬೊ. 1923ರಲ್ಲಿ ಅಬೆಒಕುಟಾದಲ್ಲೇ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದಿ ಮನೋವೈದ್ಯರಾಗಿ ವಾಪಸು ಬಂದರು. 1954ರಲ್ಲಿ ಅದೇ ಊರಿನ ಅರೊ ಆಸ್ಪತ್ರೆಯ ಹೊಣೆ ಹೊತ್ತರು. ವಾರ್ಡುಗಳಲ್ಲಿ ಕೂಡಿಹಾಕುವ ಬದಲು ರೋಗಿಗಳನ್ನು ಸುತ್ತಲಿನ ಹಳ್ಳಿಗಳ ರೈತರ ಮನೆಗಳಲ್ಲಿ ಬಾಡಿಗೆಗೆ ಇರಿಸಿದರು. ಒಂದೇ ಷರತ್ತು: ಮನೆಯವರು ಒಬ್ಬರಾದರೂ ಜೊತೆಗೆ ಬಂದು ಇರಬೇಕು. ಬೆಳಿಗ್ಗೆ ಆಸ್ಪತ್ರೆಗೆ ಬಂದು ಔಷಧಿ, ಆಮೇಲೆ ಹೊಲ, ಅಡುಗೆ, ಊರಿನ ಹಬ್ಬ ಹುಣ್ಣಿಮೆ. ನಾಟಿ ವೈದ್ಯರನ್ನೂ ಕರೆದು ಜೊತೆಯಲ್ಲಿ ಕೂರಿಸಿಕೊಂಡರು. ಆಗಿನ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಉಪ ಮಹಾನಿರ್ದೇಶಕರಾದರು. ನಮ್ಮಲ್ಲೂ ಅದೇ ಸುಮಾರಿಗೆ ಅಮೃತಸರದ ವಿದ್ಯಾಸಾಗರ್ ಆಸ್ಪತ್ರೆಯ ಬಯಲಲ್ಲಿ ಡೇರೆ ಹಾಕಿಸಿ ಮನೆಯವರನ್ನು ಜೊತೆಗೇ ಇರಿಸಿಕೊಂಡರು.

ಈಗ ಇಬೋಗಾ. ಇದರ ಬಗ್ಗೆ ನನಗೆ ಹೆಚ್ಚು ಹೆದರಿಕೆ ಇದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಇಬೋಗಾ ಮಧ್ಯ ಆಫ್ರಿಕಾದ ಕಾಡಿನ ಒಂದು ಪೊದೆ. ನಿಮ್ಮ ಅಂಗಳದ ನಂದಿಬಟ್ಟಲು, ಕಣಗಿಲೆ, ಮೇಲೆ ಹೇಳಿದ ಸರ್ಪಗಂಧ, ಎಲ್ಲ ಇದೇ ಕುಟುಂಬದವು. ಗ್ಯಾಬನ್‌ನಲ್ಲಿ ಬ್ವಿಟಿ ಎಂಬ ಪಂಥ ಇದೆ. ಮಿತ್ಸೊಗೊ, ಫಾಂಗ್ ಮುಂತಾದ ಜನ ಅದನ್ನು ಪಾಲಿಸುತ್ತಾರೆ. ದೀಕ್ಷೆಯ ರಾತ್ರಿ ಬೇರಿನ ತೊಗಟೆಯನ್ನು ಕೆರೆದು ಚಮಚ ಚಮಚವಾಗಿ ತಿನ್ನಿಸುತ್ತಾರೆ. ಬೇವಿಗಿಂತ ಕಹಿ ಅನ್ನುತ್ತಾರೆ ತಿಂದವರು. ನಾಲಿಗೆ ಜೋಮು ಹಿಡಿಯುತ್ತದೆ, ವಾಂತಿ ಬರುತ್ತದೆ, ನಡೆದರೆ ನೆಲ ವಾಲುತ್ತದೆ. ಪಕ್ಕದಲ್ಲಿ ನ್ಗೊಂಬಿ ಎಂಬ ಎಂಟು ತಂತಿಯ ವಾದ್ಯ ರಾತ್ರಿಯಿಡೀ ನುಡಿಯುತ್ತಿರುತ್ತದೆ. ದೀಕ್ಷೆ ಪಡೆಯುವವನಿಗೆ ಒಬ್ಬ 'ತಂದೆ', ಒಬ್ಬ 'ತಾಯಿ' ಇರುತ್ತಾರೆ, ಅವನನ್ನು ಒಂಟಿಯಾಗಿ ಬಿಡುವುದಿಲ್ಲ. ಏನೇನು ಕಂಡಿತು ಅಂತ ಕೇಳುತ್ತಾರೆ. ಸತ್ತ ಹಿರಿಯರನ್ನು ಕಂಡೆ ಅಂದರೆ, ಅವರು ಏನು ಹೇಳಿದರು ಅಂತ ಇಡೀ ಗುಂಪು ಕೂತು ಕೇಳುತ್ತದೆ. ಇದು ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ನಡೆಯುತ್ತದೆ. ಗ್ಯಾಬನ್ ಸರ್ಕಾರ 2000ದಲ್ಲಿ ಇಬೋಗಾವನ್ನು ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿದೆ. ಅವರಿಗೆ ಅದು ಸುಮ್ನೆ ಔಷಧಿ ಅಲ್ಲ, ದೇವರ ಮನೆಯ ವಸ್ತು.

ಹೊರಗಿನವರಿಗೆ ಅದರ ಸಾರವಾದ ಇಬೋಗೇನ್ ಹತ್ತಿರವಾದದ್ದು ಬೇರೆ ದಾರಿಯಲ್ಲಿ. 1962ರಲ್ಲಿ ಹೆರಾಯಿನ್ ಚಟವಿದ್ದ ಹೊವರ್ಡ್ ಲಾಟ್ಸಾಫ್ ಎಂಬ ಅಮೆರಿಕದ ಯುವಕ ಇದನ್ನು ತೆಗೆದುಕೊಂಡ. ಇಳಿದ ಮೇಲೆ ಹೆರಾಯಿನ್ ಬೇಕು ಅನಿಸಲೇ ಇಲ್ಲ. ಅಲ್ಲಿಂದ ಚಟ ಬಿಡಿಸುವ ಔಷಧಿ ಎಂಬ ಹೆಸರು ಹಬ್ಬಿತು. 2024ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ವರದಿ ಕೊಟ್ಟರು. ತಲೆಗೆ ಪೆಟ್ಟು ಬಿದ್ದಿದ್ದ 30 ಮಾಜಿ ಸೈನಿಕರು ಮೆಕ್ಸಿಕೋದ ಕ್ಲಿನಿಕ್ಕಿನಲ್ಲಿ ಇಬೋಗೇನ್ ತೆಗೆದುಕೊಂಡಿದ್ದರು. ಅವರ ಖಿನ್ನತೆ, ಆಘಾತದ ನೆನಪು, ಆತಂಕ ತುಂಬಾ ಇಳಿದಿತ್ತು. ಭಾವ ಕಳಿಸಿದ ವಿಡಿಯೋಗಳ ಹಿಂದೆ ಇರುವುದು ಇಂಥ ಸುದ್ದಿಗಳೇ. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಮೊದಲೇ ಹೃದಯ ಪರೀಕ್ಷೆ ಆಗಿತ್ತು, ಮೆಗ್ನೀಸಿಯಂ ಡ್ರಿಪ್ ಕೊಟ್ಟಿದ್ದರು, ನಿಗಾ ಇತ್ತು. ಮುಖ್ಯವಾಗಿ, ಅವರಿಗೆ ಸ್ಕಿಜೋಫ್ರೇನಿಯಾ ಇರಲಿಲ್ಲ.

ಮೆಗ್ನೀಸಿಯಂ ಯಾಕೆ? ಹೃದಯಕ್ಕಾಗಿ. ಪ್ರತಿ ಬಡಿತ ಆದ ಮೇಲೆ ಹೃದಯದ ಸ್ನಾಯು ಮುಂದಿನ ಬಡಿತಕ್ಕೆ ಸಜ್ಜಾಗಲು ಒಂದಿಷ್ಟು ಹೊತ್ತು ಬೇಕು. ಇಸಿಜಿಯಲ್ಲಿ ಅದನ್ನು ಕ್ಯೂಟಿ ಅಂತ ಅಳೆಯುತ್ತೇವೆ. ಇಬೋಗೇನ್ ಆ ಹೊತ್ತನ್ನು ಎಳೆಯುತ್ತದೆ. ತೀರಾ ಎಳೆದರೆ ಬಡಿತ ತಾಳ ತಪ್ಪುತ್ತದೆ, ಆರೋಗ್ಯವಂತ ಯುವಕನೂ ಕುಸಿದು ಸಾಯಬಹುದು. 1990ರಿಂದ 2008ರವರೆಗೆ ಇಬೋಗೇನ್ ತೆಗೆದುಕೊಂಡ ಸ್ವಲ್ಪ ಹೊತ್ತಿನಲ್ಲೇ, ಇಲ್ಲವೇ ಸುಮಾರು ಮೂರು ದಿನದೊಳಗೆ ಸತ್ತ 19 ಜನರ ಲೆಕ್ಕ ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ಮೈಯೊಳಗೆ ಅದು ಬದಲಾಗಿ ಆಗುವ ನಾರ್‌ಇಬೋಗೇನ್ ದಿನಗಟ್ಟಲೆ ಉಳಿಯುತ್ತದೆ. ರಾತ್ರಿ ಏನೂ ಆಗಲಿಲ್ಲ ಅಂತ ನೆಮ್ಮದಿಯಾಗಿ ಇರುವ ಹಾಗಿಲ್ಲ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳೂ ಕ್ಯೂಟಿಯನ್ನು ಎಳೆಯುತ್ತವೆ. ಫ್ಲೂಕ್ಸೆಟಿನ್‌ನಂಥವು ಲಿವರ್‌ನಲ್ಲಿ ಇಬೋಗೇನ್ ಕರಗುವುದನ್ನೇ ತಡೆಯುತ್ತವೆ. ಎರಡೂ ಸೇರಿದರೆ ಅಪಾಯ ದುಪ್ಪಟ್ಟು.

ಇಷ್ಟು ಹೃದಯದ ಮಾತು. ಮನಸ್ಸಿನ ಮಾತು ಇನ್ನೂ ಇದೆ. ನಿಮ್ಮ ತಮ್ಮನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಎಷ್ಟು ಕಷ್ಟಪಟ್ಟ ಮೇಲೆ ನಿಂತಿವೆ! ಇಲ್ಲದ್ದನ್ನು ಕಾಣಿಸುವ, ಕೇಳಿಸುವ ಬೇರನ್ನು ಆ ಹುಡುಗನಿಗೆ ಕೊಡುವುದು ಅಂದರೆ ಆರಿಸಿದ ಬೆಂಕಿಗೆ ಮತ್ತೆ ಗಾಳಿ ಊದಿದ ಹಾಗೆ. ಸ್ಕಿಜೋಫ್ರೇನಿಯಾ ಇರುವವರನ್ನು ಇಂಥ ಔಷಧಿಗಳ ಸಂಶೋಧನೆಯಿಂದ ದೂರ ಇಡುವುದು ಇದೇ ಕಾರಣಕ್ಕೆ.

'ಆಫ್ರಿಕಾದ ಶಾಮನ್‌ಗಳು' ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಆತ್ಮಗಳ ಜೊತೆ ಮಾತಾಡಿ ಕಾಯಿಲೆ ಬಿಡಿಸುವವನಿಗೆ ಶಾಮನ್ ಅನ್ನುವುದು ಸೈಬೀರಿಯಾದ ಮಾತು. ಆಫ್ರಿಕಾದವರಿಗೆ ಅವರದೇ ಹೆಸರುಗಳಿವೆ. ಯೊರುಬಾದಲ್ಲಿ ಶಾಸ್ತ್ರ ಹೇಳುವವನು ಬಾಬಾಲಾವೊ, ಔಷಧಿ ಕೊಡುವವನು ಒನಿಶೆಗುನ್. ಗ್ಯಾಬನ್‌ನಲ್ಲಿ ನ್ಗಂಗಾ. ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ಸಂಗೋಮಾ, ಖೋಸಾ ಜನರಲ್ಲಿ ಇಗ್ಕಿರಾ. ಇವರೆಲ್ಲ ಒಂದೇ ಕೆಲಸ ಮಾಡುವವರೂ ಅಲ್ಲ. ಖೋಸಾ ಜನರಲ್ಲಿ ಒಬ್ಬರಿಗೆ ವಿಚಿತ್ರ ಕನಸು, ಮೈ ನೋವು, ಮಂಕು ಹಿಡಿದರೆ ಅದು ಹಿರಿಯರ ಕರೆ ಇರಬಹುದು ಅನ್ನುತ್ತಾರೆ. ಆಗ ಅವರು ಹಿರಿಯ ವೈದ್ಯರ ಕೈಕೆಳಗೆ ವರ್ಷಗಟ್ಟಲೆ ಕಲಿಯುತ್ತಾರೆ, ಇದಕ್ಕೆ 'ಉಕುತ್ವಾಸ' ಎಂದು ಹೆಸರು. ಬೇರನ್ನು ನೀರಲ್ಲಿ ಕುಟ್ಟಿ, ಕಡೆದು, ಬಂದ ಬಿಳಿ ನೊರೆಯನ್ನು ನುಂಗುತ್ತಾರೆ. ಕನಸು ಸ್ಪಷ್ಟವಾಗಲಿ ಅಂತ. ಬೆಳಿಗ್ಗೆ ಎದ್ದು ಕನಸನ್ನು ಗುರುವಿಗೆ ಒಪ್ಪಿಸುತ್ತಾರೆ. ಕಾಯಿಲೆ ಬಿದ್ದವನು ಕೊನೆಗೆ ಬೇರೆಯವರ ಕಾಯಿಲೆ ನೋಡುವವನಾಗುತ್ತಾನೆ.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ 'ಕುಫುಂಗಿಸಿಸ' ಎಂಬ ಮಾತಿದೆ. ಯೋಚನೆ ಜಾಸ್ತಿ ಆಗುವುದು ಅಂತ ಅರ್ಥ. 'ಅವನು ಯೋಚನೆ ಹಚ್ಚಿಕೊಂಡಿದ್ದಾನೆ' ಅಂತ ನಾವು ಅನ್ನುತ್ತೀವಲ್ಲ, ಥೇಟ್ ಅದೇ. ಮನೋವೈದ್ಯ ಡಿಕ್ಸನ್ ಚಿಬಾಂಡ ಈ ಮಾತನ್ನೇ ಹಿಡಿದು 2006ರಲ್ಲಿ ಹರಾರೆಯ ಎಂಬಾರೆಯಲ್ಲಿ ಕೆಲಸ ಶುರು ಮಾಡಿದರು. ಕ್ಲಿನಿಕ್ಕಿನ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಒಬ್ಬ ಅಜ್ಜಿ. ಬಂದವರ ಮಾತು ಕೇಳುವುದು, ಒಂದು ಕಷ್ಟವನ್ನು ಆರಿಸಿ ಪರಿಹಾರ ಹುಡುಕಲು ಜೊತೆಗೆ ಕೂರುವುದು. 24 ಕ್ಲಿನಿಕ್‌ಗಳಲ್ಲಿ 573 ಜನರ ಮೇಲೆ ಪರೀಕ್ಷೆ ನಡೆದು 2016ರಲ್ಲಿ ವರದಿ ಬಂತು. ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 14 ಜನರಲ್ಲಿ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50. ಇಲ್ಲಿ ಬೇರೂ ಇಲ್ಲ, ಮಂತ್ರವೂ ಇಲ್ಲ. ಇದು ಖಿನ್ನತೆ ಆತಂಕಕ್ಕೆ, ನಿಮ್ಮ ತಮ್ಮನ ಕಾಯಿಲೆಗೆ ಇಷ್ಟೇ ಸಾಲದು. ಆದರೂ ಅವನ ಜೊತೆ ಹೀಗೆ ಬಿಡುವಾಗಿ ಕೂತು ಮಾತಾಡುವವರು ಯಾರು ಅಂತ ಮನೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಕತ್ತಲೆಯ ಕಡೆಯನ್ನೂ ಹೇಳಬೇಕು. ನೈಜೀರಿಯಾ, ಘಾನಾ ಎರಡೂ ಕಡೆ ಕೆಲವು ನಾಟಿ ವೈದ್ಯರ ಮನೆಗಳಲ್ಲಿ, ಪ್ರಾರ್ಥನಾ ಶಿಬಿರಗಳಲ್ಲಿ ರೋಗಿಗಳನ್ನು ಮರಕ್ಕೆ ಸರಪಳಿಯಲ್ಲಿ ಕಟ್ಟುತ್ತಾರೆ, ಹೊಡೆಯುತ್ತಾರೆ, ಉಪವಾಸ ಕೆಡವುತ್ತಾರೆ. ಪರಂಪರೆ ಅನ್ನುವ ಹೆಸರಿನಲ್ಲಿ ಇದನ್ನು ಒಪ್ಪುವುದಕ್ಕೆ ನನ್ನಿಂದ ಆಗುವುದಿಲ್ಲ. ಅದಕ್ಕೇ ನೈಜೀರಿಯಾದ ಇಬಾದಾನ್ ಊರಿನ ಮನೋವೈದ್ಯ ಒಯೆ ಗುರೆಜೆ ಮತ್ತು ಸಂಗಡಿಗರು ಮಾಡಿದ ಕೆಲಸ ನನಗೆ ದೊಡ್ಡದು. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇದ್ದ 307 ಜನ, ಇಬಾದಾನ್ ಮತ್ತು ಘಾನಾದ ಕುಮಾಸಿಯಲ್ಲಿ. ರೋಗಿ ನಾಟಿ ವೈದ್ಯನ ಬಳಿಯೇ ಇರಲಿ, ಪೂಜೆ ಪ್ರಾರ್ಥನೆ ನಡೆಯಲಿ. ಆರೋಗ್ಯ ಕೇಂದ್ರದವರು ಅಲ್ಲಿಗೇ ಹೋಗಿ ಮಾತ್ರೆ ಕೊಟ್ಟರು, ಹೊಡೆಯಬೇಡಿ ಕಟ್ಟಬೇಡಿ ಅಂತ ವೈದ್ಯರ ಜೊತೆ ಕೂತು ಮಾತಾಡಿದರು. ಫಲಿತಾಂಶ 2020ರಲ್ಲಿ ಬಂತು. ಆರು ತಿಂಗಳ ನಂತರ ಕಾಯಿಲೆಯ ಲಕ್ಷಣ ಅಳೆಯುವ ಅಂಕ ಈ ಗುಂಪಿನಲ್ಲಿ 53, ಹೋಲಿಕೆಗೆ ಇಟ್ಟಿದ್ದ ಮಾಮೂಲಿ ಆರೈಕೆಯ ಗುಂಪಿನಲ್ಲಿ 68. ಅಂಕ ಕಡಿಮೆ ಇದ್ದಷ್ಟೂ ಹುಷಾರು. ನಾಟಿ ವೈದ್ಯ ಒಂದು ಕಡೆ, ಮಾತ್ರೆ ಒಂದು ಕಡೆ ಅಂತ ಮನೆಯವರು ಒದ್ದಾಡಬೇಕಾಗಲಿಲ್ಲ.

ಇನ್ನು ನಿಮ್ಮ ಮನೆಗೆ ಬರೋಣ. 18 ಕಿಲೋ ಸಣ್ಣ ಮಾತಲ್ಲ. ಓಲಾನ್ಜಪಿನ್‌ನಿಂದ ತೂಕ, ಶುಗರ್ ಏರುವುದು ಎಲ್ಲ ಮನೋವೈದ್ಯರಿಗೂ ಗೊತ್ತು. ಆದರೆ ಕೇಳದೆ ಇದ್ದರೆ ಹತ್ತು ನಿಮಿಷದ ಭೇಟಿಯಲ್ಲಿ ಅದು ತಪ್ಪಿಹೋಗುತ್ತದೆ. ಈ ಸಲ ಹೋದಾಗ ಮೊದಲ ಮಾತೇ ಅದಾಗಲಿ. ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ನಂಥ ಮಾತ್ರೆಗೆ ನಿಧಾನವಾಗಿ ಬದಲಾಯಿಸಬಹುದು. ಮೆಟ್‌ಫಾರ್ಮಿನ್ ಸೇರಿಸಬಹುದು. ಮಾತ್ರೆಯನ್ನು ರಾತ್ರಿ ಸ್ವಲ್ಪ ಬೇಗ ಕೊಟ್ಟರೆ ಬೆಳಗಿನ ಮಂಪರು ಇಳಿಯಬಹುದು. ಇದೆಲ್ಲ ಅವರ ಜೊತೆ ಮಾತಾಡಿ ಮಾಡಬೇಕು, ನೀವಾಗಿಯೇ ಡೋಸ್ ಮುಟ್ಟಬೇಡಿ. ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ನಡುವೆ ಏನಾದರೂ ಕೇಳಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ.

ಭಾವನಿಗೆ ಅವರ ಅಕ್ಕರೆಗೆ ನನ್ನ ನಮಸ್ಕಾರ ಹೇಳಿ. ದೀಪಾವಳಿಗೆ ಬಂದಾಗ ಬೇರಿನ ಬದಲು ನಿಮ್ಮ ತಮ್ಮನಿಗೆ ಒಂದು ವಾರ ಕೊಡಲಿ. ಬೆಳಿಗ್ಗೆ ಎಬ್ಬಿಸಿ ಜೊತೆಗೆ ನಡೆಯಲು ಕರೆದುಕೊಂಡು ಹೋಗಲಿ, ಲಾಗೋಸ್‌ನ ಕಥೆ ಹೇಳಲಿ.

ಅಮ್ಮನ ಹರಕೆ? ಹೋಗಿ ಬನ್ನಿ. 2002ರಲ್ಲಿ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ವಾಸಕ್ಕೆ ಬಂದ 31 ಮನೋರೋಗಿಗಳನ್ನು ನೋಡಿ ಬರೆದಿದ್ದಾರೆ. ಮನೆಯವರ ಜೊತೆ ಇದ್ದು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರ ಲಕ್ಷಣಗಳು ನೂರಕ್ಕೆ ಸುಮಾರು 20ರಷ್ಟು ಇಳಿದಿದ್ದವು. ಅಲ್ಲಿ ಯಾರನ್ನೂ ಹೊಡೆಯುತ್ತಿರಲಿಲ್ಲ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಜಾಗಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಹಾಗಾಗಿ ಮೊದಲು ನೀವೊಬ್ಬರೇ ಹೋಗಿ ಗುಡಿಯ ಸುತ್ತ ಓಡಾಡಿ. ಕಟ್ಟಿಹಾಕುವುದು, ಹೊಗೆ ಹಾಕುವುದು, ಊಟ ಬಿಡಿಸುವುದು ಕಂಡರೆ ಆ ಗುಡಿ ಬೇಡ, ಹರಕೆ ಮನೆಯಲ್ಲೇ ತೀರಲಿ. ಹಾಗೇನೂ ಇಲ್ಲದಿದ್ದರೆ ಅಮ್ಮ, ತಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ. ತಮ್ಮನಿಗೂ ಮನಸ್ಸಿದೆಯಾ ಅಂತ ಅವನನ್ನೇ ಕೇಳಿ. ಹದಿನೈದು ದಿನಕ್ಕೆ ಇಪ್ಪತ್ತು ಮಾತ್ರೆ ಎಣಿಸಿ ಬ್ಯಾಗಿಗೆ ಹಾಕಿಕೊಳ್ಳಿ, ವಾಪಸು ಬರುವ ಬಸ್ಸು ತಪ್ಪಿದರೂ ರಾತ್ರಿಯ ಮಾತ್ರೆ ತಪ್ಪಬಾರದು.